ಹಿತ್ತಿಲಿನ ಹೆಗ್ಗಣ: ಜೀವನಕ್ರಮ ಮತ್ತು ನಿಯಂತ್ರಣ ಕ್ರಮಗಳು

ಹಿತ್ತಿಲು, ಕೈತೋಟ ಹಾಗೂ ಚರಂಡಿಯ ಬದಿಯಲ್ಲಿ ದೊಡ್ಡ ಬಿಲ ಮತ್ತು ಅದರ ಬಾಯಲ್ಲಿ ಹೊಸ ಮಣ್ಣಿನ ಗುಡ್ಡೆ ಕಂಡುಬಂದಲ್ಲಿ ಅದು ಸಾಮಾನ್ಯವಾಗಿ ಹೆಗ್ಗಣದ ಗುರುತು. ಒಂದೆರಡು ಹೆಗ್ಗಣಗಳನ್ನು ಕೊಂದ ಮಾತ್ರಕ್ಕೆ ಹಾವಳಿ ನಿಲ್ಲುವುದಿಲ್ಲ. ಆಹಾರ ಮತ್ತು ಬಿಲ ಉಳಿದಿದ್ದರೆ ನೆರೆಯ ಹೆಗ್ಗಣಗಳು ಅಲ್ಲಿ ಬಂದು ನೆಲೆಸುತ್ತವೆ.

ಜೀವನಕ್ರಮ

ಹೆಗ್ಗಣವು ನಿಶಾಚರಿ. ಇದರ ಬಾಚಿಹಲ್ಲುಗಳು ಜೀವನಪರ್ಯಂತ ಬೆಳೆಯುವುದರಿಂದ ಮರ, ತಂತಿ, ಕೊಳವೆ ಮುಂತಾದವುಗಳನ್ನು ಸದಾ ಕಡಿಯುತ್ತದೆ. ಚಿಕ್ಕ ಹೆಗ್ಗಣವು ಬಿಲದೊಳಗೆ ಧಾನ್ಯವನ್ನು ಸಂಗ್ರಹಿಸುತ್ತದೆ; ಬಿಲದ ಬಾಯಿಯನ್ನು ಒಳಗಿನಿಂದ ಮಣ್ಣಿನಿಂದ ಮುಚ್ಚಿಕೊಳ್ಳುತ್ತದೆ. ಇದರ ಗರ್ಭಾವಧಿ ಸುಮಾರು 3 ವಾರಗಳು ಮಾತ್ರ. ಒಂದು ಸೂಲಿಗೆ ಹಲವು ಮರಿಗಳು ಹುಟ್ಟುವುದರಿಂದ ಸಂಖ್ಯೆಯು ಶೀಘ್ರವಾಗಿ ವೃದ್ಧಿಸುತ್ತದೆ.

ಉದ್ದ ಮೂತಿ ಹಾಗೂ ಕಟುವಾಸನೆಯುಳ್ಳ ಮೂಗಿಲಿಯನ್ನು ಹೆಗ್ಗಣವೆಂದು ಭಾವಿಸಿ ಕೊಲ್ಲಬಾರದು. ಅದು ಜಿರಲೆ ಮತ್ತಿತರ ಕೀಟಗಳನ್ನು ತಿನ್ನುತ್ತದೆ. ಕೇರೆಹಾವು ಮತ್ತು ಗೂಬೆಗಳು ಇಲಿ, ಹೆಗ್ಗಣಗಳ ಸಹಜ ಶತ್ರುಗಳಾಗಿದ್ದು, ಇವುಗಳಿಗೂ ತೊಂದರೆ ನೀಡಬಾರದು.

ನಿಯಂತ್ರಣ ಕ್ರಮಗಳು

1. ಅಡುಗೆಮನೆಯ ತ್ಯಾಜ್ಯವನ್ನು ಮುಚ್ಚಳವಿರುವ ಡಬ್ಬಿಯಲ್ಲಿಡುವುದು. ಕೋಳಿ ಹಾಗೂ ದನಗಳ ಮೇವಿನ ಉಳಿಕೆಯನ್ನು ಸಂಜೆಯೊಳಗೆ ತೆಗೆಯುವುದು.

2. ಸಂಜೆ ಎಲ್ಲಾ ಬಿಲಗಳನ್ನು ಮಣ್ಣಿನಿಂದ ಮುಚ್ಚುವುದು. ಮರುದಿನ ಬೆಳಿಗ್ಗೆ ಮತ್ತೆ ತೆರೆದಿರುವ ಬಿಲಗಳನ್ನು ವಾಸವಿರುವ ಬಿಲಗಳೆಂದು ಗುರುತಿಸಿ, ಅಲ್ಲಿ ಮಾತ್ರ ಕ್ರಮ ಕೈಗೊಳ್ಳುವುದು.

3. ಹೆಗ್ಗಣವು ಹೊಸ ವಸ್ತುವನ್ನು ಶಂಕಿಸುತ್ತದೆ. ಆದ್ದರಿಂದ ದೊಡ್ಡ ಕಬ್ಬಿಣದ ಬೋನಿನಲ್ಲಿ 2–3 ದಿನ ಬಾಗಿಲು ತೆರೆದೇ ಆಹಾರವಿಟ್ಟು, ಬಳಿಕ ಬೋನನ್ನು ಹೂಡುವುದು. ಬೋನನ್ನು ಗೋಡೆಯ ಬದಿಯಲ್ಲಿಡುವುದು ಸೂಕ್ತ.

4. ಬೋನು ಫಲಿಸದಿದ್ದಲ್ಲಿ ಮಾತ್ರ ಶೇ. 0.005ರ ಬ್ರೋಮಾಡಿಯೋಲೋನ್ ಬಿಲ್ಲೆಯನ್ನು ಬಿಲದ ಒಳಗಿಡುವುದು. ಇದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ವಿಷವಾಗಿದ್ದು, ಹೆಗ್ಗಣ ಸಾಯಲು ಕೆಲವು ದಿನ ಬೇಕಾಗುತ್ತದೆ.

5. ಖಾಲಿಯಾದ ಬಿಲಕ್ಕೆ ಜಲ್ಲಿ ತುಂಬಿ ಗಟ್ಟಿಯಾಗಿ ಮುಚ್ಚುವುದು. ಗೋಡೆಯ ಬುಡದ ರಂಧ್ರಗಳನ್ನು ಸಿಮೆಂಟಿನಿಂದ ಮುಚ್ಚುವುದು.

ಎಚ್ಚರಿಕೆ

ವಿಷವನ್ನು ಮಕ್ಕಳು ಹಾಗೂ ಸಾಕುಪ್ರಾಣಿಗಳಿಗೆ ಸಿಗದಂತೆ ಇಡತಕ್ಕದ್ದು. ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯಿಂದ ಪ್ರಾಣಾಂತಿಕ ಅನಿಲ ಹೊರಬರುವುದರಿಂದ ಅದನ್ನು ಮನೆಯ ಬಳಿ ಬಳಸಲೇಬಾರದು. ಯಾರಾದರೂ ವಿಷ ಸೇವಿಸಿದಲ್ಲಿ ತಕ್ಷಣ ಪೊಟ್ಟಣದೊಡನೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಬ್ರೋಮಾಡಿಯೋಲೋನ್‌ಗೆ ವಿಟಮಿನ್ ಕೆ1 ಪ್ರತಿವಿಷವಾಗಿದ್ದು, ವೈದ್ಯರೇ ಇದನ್ನು ನೀಡಬೇಕು.

ಹೆಗ್ಗಣದ ಮೂತ್ರ ಬೆರೆತ ನೀರು ಮತ್ತು ಕೆಸರಿನಿಂದ ಇಲಿಜ್ವರ ಹರಡಬಹುದು. ಸತ್ತ ಹೆಗ್ಗಣವನ್ನು ಕೈಗವಸು ಧರಿಸಿಯೇ ಎತ್ತಿ ಆಳವಾಗಿ ಹೂಳುವುದು. ಇಂತಹ ಕೆಲಸದ ನಂತರದ ದಿನಗಳಲ್ಲಿ ಜ್ವರ, ಮೈಕೈ ನೋವು ಅಥವಾ ಕಣ್ಣು ಕೆಂಪಾಗುವುದು ಕಂಡುಬಂದಲ್ಲಿ, ವೈದ್ಯರಿಗೆ ಈ ಸಂಪರ್ಕದ ವಿಷಯವನ್ನು ತಪ್ಪದೇ ತಿಳಿಸತಕ್ಕದ್ದು.

ಅಕ್ಕಪಕ್ಕದ ಮನೆಯವರು ಏಕಕಾಲದಲ್ಲಿ ಈ ಕ್ರಮಗಳನ್ನು ಕೈಗೊಂಡಲ್ಲಿ ಹೆಚ್ಚಿನ ಫಲ ದೊರೆಯುತ್ತದೆ. ಹೆಚ್ಚಿನ ಮಾಹಿತಿಗಾಗಿ ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರವನ್ನು ಅಥವಾ ನಗರ ಪ್ರದೇಶಗಳಲ್ಲಿ ಸ್ಥಳೀಯ ಸಂಸ್ಥೆಯ ಆರೋಗ್ಯ ಶಾಖೆಯನ್ನು ಸಂಪರ್ಕಿಸಬಹುದು.