ನೋಂದಣಿಯೊಂದಿಗೆ ಮುಗಿಯದ ಹೊಣೆ

ಹೊಸ ಅಪಾರ್ಟ್‌ಮೆಂಟಿನಲ್ಲಿ ಮೊದಲ ಮಳೆಗಾಲ ಕಳೆಯುವಷ್ಟರಲ್ಲಿ ಸ್ನಾನದ ಮನೆಗೆ ಹೊಂದಿಕೊಂಡ ಗೋಡೆಯ ಬಣ್ಣ ಉಬ್ಬಿ ಹಕ್ಕಳೆಯಾಗಿ ಉದುರುವುದು, ತಟ್ಟಿದರೆ ಟೈಲ್ಸ್ ಟೊಳ್ಳು ಸದ್ದು ಮಾಡುವುದು, ಮೇಲಿನ ಮನೆಯ ನೀರು ಕೆಳಗಿನ ಮನೆಯ ಸೂರಿನಲ್ಲಿ ಹಳದಿ ಕಲೆಯಾಗಿ ಮೂಡುವುದು ಅಪರೂಪವಲ್ಲ. ದೂರಿದಾಗ ಬಿಲ್ಡರ್ ಕಡೆಯವರು ಪುಟ್ಟಿ ಮೆತ್ತಿ ಬಣ್ಣ ಬಳಿದು ಹೋಗುವುದೂ, ಮತ್ತೆ ಕರೆದರೆ ‘ನೋಂದಣಿ ಆಯಿತಲ್ಲ, ವಾರಂಟಿ ಒಂದೇ ವರ್ಷ’ ಎನ್ನುವುದೂ ಅಷ್ಟೇ ಸಾಮಾನ್ಯ. ಈ ಮಾತಿನ ಎರಡು ತುಂಡುಗಳೂ ಕಾನೂನಿನ ಮುಂದೆ ನಿಲ್ಲುವುದಿಲ್ಲ.

ರೇರಾ ಎಂದೇ ಪರಿಚಿತವಾದ 2016ರ ಸ್ಥಿರಾಸ್ತಿ ಕಾಯ್ದೆಯ 14(3)ನೆಯ ಕಲಮಿನ ಪ್ರಕಾರ, ಮನೆಯ ಸ್ವಾಧೀನ ಕೊಟ್ಟ ದಿನದಿಂದ 5 ವರ್ಷಗಳೊಳಗೆ ಕಟ್ಟಡದ ರಚನೆಯ ದೋಷವನ್ನಾಗಲಿ, ಕೆಲಸಗಾರಿಕೆ, ಗುಣಮಟ್ಟ, ಸೇವೆಗಳ ದೋಷವನ್ನಾಗಲಿ ಪ್ರವರ್ತಕನ, ಅಂದರೆ ಯೋಜನೆಯನ್ನು ಕಟ್ಟಿ ಮಾರಿದವನ, ಗಮನಕ್ಕೆ ತಂದರೆ ಆತ ಹೆಚ್ಚಿನ ಹಣ ಕೇಳದೆ 30 ದಿನಗಳಲ್ಲಿ ಅದನ್ನು ಸರಿಪಡಿಸಬೇಕು. ತಪ್ಪಿದರೆ ಮನೆ ಕೊಂಡವರು ಪರಿಹಾರಕ್ಕೆ ಅರ್ಹರು. ರಚನೆಯ ದೋಷದ ಹೊಣೆ ಕ್ರಯಪತ್ರವಾದ ಮೇಲೂ ಉಳಿಯುತ್ತದೆ ಎಂದು 11ನೆಯ ಕಲಮು ಬಿಡಿಸಿಯೇ ಹೇಳಿದೆ. ಲಿಫ್ಟು, ನಲ್ಲಿ, ಮೋಟಾರುಗಳಿಗೆ ತಯಾರಕರು ಕೊಡುವ ವಾರಂಟಿಯ ಮಾತೇ ಬೇರೆ. ಅದನ್ನು ಇದರೊಂದಿಗೆ ಬೆರೆಸಿ ಗೊಂದಲ ಹುಟ್ಟಿಸುವುದು ಹಳೆಯ ಚಾಳಿ.

ಇಡೀ ಹಕ್ಕು ‘ಗಮನಕ್ಕೆ ತರುವುದು’ ಎಂಬ ಎರಡು ಪದಗಳ ಮೇಲೆ ನಿಂತಿದೆ. ಸೈಟ್ ಎಂಜಿನಿಯರಿಗೆ ಫೋನಿನಲ್ಲಿ ಹೇಳಿದ್ದಕ್ಕೆ ಸಾಕ್ಷಿಯಿರುವುದಿಲ್ಲ. ದೋಷ ಯಾವ ಕೋಣೆಯ ಯಾವ ಗೋಡೆಯಲ್ಲಿದೆ, ಮೊದಲು ಕಂಡದ್ದು ಯಾವಾಗ ಎಂಬುದನ್ನು ಬರೆದು, ಫೋಟೊಗಳ ಸಮೇತ ಇಮೇಲಿನಲ್ಲಿ ಕಳುಹಿಸಿ, ಅದರ ಪ್ರತಿಯನ್ನು ಸ್ವೀಕೃತಿ ಸಿಗುವಂತೆ ಅಂಚೆಗೂ ಹಾಕಿದರೆ 30 ದಿನಗಳ ಲೆಕ್ಕ ಯಾವ ದಿನ ಶುರುವಾಯಿತೆಂಬ ವಾದಕ್ಕೆ ಎಡೆಯೇ ಇರುವುದಿಲ್ಲ.

ಬಿಲ್ಡರ್ ಆಗಲೂ ಅಲುಗಾಡದಿದ್ದರೆ, ದುರಸ್ತಿಯ ಆದೇಶಕ್ಕಾಗಿ ಕರ್ನಾಟಕದವರು ಬೆಂಗಳೂರಿನಲ್ಲಿರುವ ರಾಜ್ಯದ ರೇರಾ ಪ್ರಾಧಿಕಾರಕ್ಕೂ, ನಷ್ಟಪರಿಹಾರಕ್ಕಾಗಿ ಅದೇ ಕಾಯ್ದೆಯಡಿ ನೇಮಕಗೊಂಡ ನ್ಯಾಯನಿರ್ಣಯಾಧಿಕಾರಿಗೂ ದೂರು ಸಲ್ಲಿಸಬಹುದು. ತಾರಸಿ, ಒಳಚರಂಡಿಗಳಂಥ ಸಾಮಾನ್ಯ ಭಾಗಗಳ ವಿಷಯದಲ್ಲಿ ನಿವಾಸಿಗಳ ಸಂಘವೇ ದೂರುದಾರನಾಗುವುದು ಮೇಲು. ಗ್ರಾಹಕ ಆಯೋಗದ ದಾರಿಯೂ ಮುಚ್ಚಿಲ್ಲ: ಮನೆ ಕಟ್ಟಿಕೊಡುವುದು ‘ಸೇವೆ’ ಎಂದು ಸುಪ್ರೀಂ ಕೋರ್ಟು 1993ರಲ್ಲೇ ಹೇಳಿದ್ದು, ರೇರಾ ಬಂದಿತೆಂದು ಆ ಪರಿಹಾರ ತಪ್ಪುವುದಿಲ್ಲವೆಂದು 2020ರಲ್ಲಿ ಸ್ಪಷ್ಟಪಡಿಸಿತು. ಆದರೆ ಅಲ್ಲಿ ವ್ಯಾಜ್ಯಕಾರಣ ಹುಟ್ಟಿದ 2 ವರ್ಷಗಳೊಳಗೆ ದೂರು ಸಲ್ಲಬೇಕು. ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗಿದ್ದರೆ ಜಿಲ್ಲಾ ಆಯೋಗ, 2 ಕೋಟಿವರೆಗೆ ರಾಜ್ಯ ಆಯೋಗ, ಅದರಾಚೆ ರಾಷ್ಟ್ರೀಯ ಆಯೋಗ. ಸ್ವಂತ ಸೈಟಿನಲ್ಲಿ ಗುತ್ತಿಗೆದಾರನಿಂದ ಮನೆ ಕಟ್ಟಿಸಿದವರಿಗೆ ರೇರಾ ಒದಗುವುದಿಲ್ಲವಾದ್ದರಿಂದ ಅವರಿಗೆ ಗ್ರಾಹಕ ಆಯೋಗವೇ ಹತ್ತಿರದ ಬಾಗಿಲು, ಕೈಯಲ್ಲಿ ಬರಹದ ಕರಾರಿದ್ದರೆ.

ಆದೇಶ ಬಂದ ಮಾತ್ರಕ್ಕೆ ಹಣ ಕೈಸೇರುವುದಿಲ್ಲ ಎಂಬುದೇ ಈ ವ್ಯವಸ್ಥೆಯ ಬಲಹೀನ ಕೊಂಡಿ. ರೇರಾ ವಿಧಿಸಿದ ಪರಿಹಾರವನ್ನು ಬಿಲ್ಡರ್ ಕಟ್ಟದಿದ್ದಾಗ ಅದು ಭೂಕಂದಾಯದ ಬಾಕಿಯಂತೆ ವಸೂಲಾಗಬೇಕು. ಆ ಕೆಲಸ ಕಂದಾಯ ಇಲಾಖೆಯದು, ಕಡತ ಅಲ್ಲಿ ತೆವಳುತ್ತದೆ. ಕೊಂಡವರ ಪರವಾಗಿರುವ ಒಂದು ಬಿಗಿ ಅಂಶವೆಂದರೆ, ಪ್ರವರ್ತಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗುವುದಾದರೆ ಮನೆ ಕೊಂಡವರಿಗೆ ಸಲ್ಲಬೇಕಾದ ಪೂರ್ತಿ ಮೊತ್ತವನ್ನು ಬಡ್ಡಿಸಮೇತ ಮೊದಲು ಠೇವಣಿ ಇಡಬೇಕು. ಅದಿಲ್ಲದೆ ಅವನ ಮೇಲ್ಮನವಿಯ ವಿಚಾರಣೆ ನಡೆಯುವುದಿಲ್ಲ.