ನಿಮಗಿದು ಗೊತ್ತೇ? ಹಾಡು ಕೇಳಲು ಪರಮಾಣು ಗಡಿಯಾರ!

ಸಾವಿರಾರು ಹಾಡುಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು, ಕೇಳಿದ್ದನ್ನು ನುಡಿಸುವ ಮ್ಯೂಸಿಕ್ ಸರ್ವರ್ ಅಸಲಿಗೆ ಒಂದು ಕಂಪ್ಯೂಟರ್! ಆದರೆ ದುಬಾರಿ ಸರ್ವರ್‌ಗಳಲ್ಲಿ ಬಹಳಷ್ಟಕ್ಕೆ ಫ್ಯಾನೇ ಇರುವುದಿಲ್ಲ. ಆಲಾಪದ ನಡುವೆ ಗುರ್ ಎನ್ನಬಾರದಲ್ಲ! ಒಳಗಿನ ಬಿಸಿಯನ್ನು ಪಕ್ಕದ ಅಲ್ಯೂಮಿನಿಯಂ ರೆಕ್ಕೆಗಳೇ ಹೊರಹಾಕುತ್ತವೆ.

ಎಲ್‌ಪಿ ತಟ್ಟೆ ನಿಮಿಷಕ್ಕೆ ಸುತ್ತುವುದು 33 ಬಾರಿ, ಮೇಲೊಂದಿಷ್ಟು. ಹಾರ್ಡ್ ಡಿಸ್ಕ್? 5,400 ಅಥವಾ 7,200 ಬಾರಿ! ಅದನ್ನು ತೆಗೆದು ಚಿಪ್‌ಗಳಲ್ಲೇ ಹಾಡು ಕೂಡಿಡುವ ಎಸ್‌ಎಸ್‌ಡಿ ಹಾಕಿಸಿದರೆ ಸುತ್ತುವ ಭಾಗವೇ ಇಲ್ಲ. ಸದ್ದೂ ಇಲ್ಲ, ನಡುಕವೂ ಇಲ್ಲ!

ಫ್ಲ್ಯಾಕ್ ಎಂಬ ಫೈಲ್ ಸಿಡಿಯ ಹಾಡನ್ನು ಹೆಚ್ಚುಕಡಿಮೆ ಅರ್ಧದಷ್ಟು ಜಾಗಕ್ಕೆ ಮಡಚಿಡುತ್ತದೆ. ಬಿಚ್ಚಿದಾಗ ಒಂದು ಅಂಕಿಯೂ ಕಳೆದಿರುವುದಿಲ್ಲ! ಒಂದು ಟೆರಾಬೈಟ್ ಡಿಸ್ಕಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸಿಡಿ ಹಿಡಿಸಬಹುದು.

ಸಿಡಿಗಾಗಿ ಪ್ರತಿ ಸೆಕೆಂಡಿಗೆ ದನಿಯನ್ನು 44,100 ಬಾರಿ ಅಳೆಯುತ್ತಾರೆ. ಈ ವಿಚಿತ್ರ ಸಂಖ್ಯೆ ಬಂದದ್ದು ವಿಡಿಯೊ ಟೇಪಿನಿಂದ! ಆಗ ಡಿಜಿಟಲ್ ಸಂಗೀತವನ್ನು ಅದರಲ್ಲೇ ತುಂಬಿಡುತ್ತಿದ್ದರು. ಅಮೆರಿಕದ ಟಿವಿ ಲೆಕ್ಕಕ್ಕೂ ಯುರೋಪಿನ ಟಿವಿ ಲೆಕ್ಕಕ್ಕೂ ಸರಿಹೊಂದಿದ ಸಂಖ್ಯೆ ಇದು.

ಈ ಅಳತೆಗಳು ತಾಳ ತಪ್ಪದಂತೆ ಕಾಯುವುದು ಒಂದು ಪುಟ್ಟ ಸ್ಫಟಿಕ. ಬಿಸಿ ಏರಿಳಿದರೆ ಅದರ ಲಯವೂ ಅಲುಗುತ್ತದೆ. ಅದಕ್ಕೇ ಕೆಲವು ಯಂತ್ರಗಳಲ್ಲಿ ಅದನ್ನು ಕಿರು ಒಲೆಯೊಳಗೆ ಒಂದೇ ಶಾಖದಲ್ಲಿ ಇಡುತ್ತಾರೆ! ಇಷ್ಟೂ ಸಾಲದವರಿಗೆ ಜಪಾನಿನ ಎಸೊಟೆರಿಕ್ ಕಂಪನಿ ರುಬಿಡಿಯಂ ಪರಮಾಣು ಗಡಿಯಾರವನ್ನೇ ಮಾರಿತ್ತು. ಅದೂ ಮನೆಯಲ್ಲಿ ಹಾಡು ಕೇಳಲು!

ರೂಟರಿನಿಂದ ಸರ್ವರ್‌ಗೆ ಬರುವ ನೆಟ್‌ವರ್ಕ್‌ನ ತಾಮ್ರದ ತಂತಿ ತೆಗೆದು ಗಾಜಿನ ಎಳೆ ಹಾಕಿಸುವವರೂ ಇದ್ದಾರೆ. ಅದರಲ್ಲಿ ಹರಿಯುವುದು ಬೆಳಕು, ಕರೆಂಟ್ ಅಲ್ಲ. ರೂಟರಿನ ವಿದ್ಯುತ್ ಗೊಂದಲಕ್ಕೆ ಆ ದಾರಿಯೇ ಬಂದ್!

ಸ್ಕಾಟ್ಲೆಂಡಿನ ಲಿನ್ ಕಂಪನಿ 2009ರ ಕೊನೆಗೆ ಸಿಡಿ ಪ್ಲೇಯರ್ ತಯಾರಿಕೆಯನ್ನೇ ನಿಲ್ಲಿಸಿತು. ಇನ್ನೇನಿದ್ದರೂ ನೆಟ್‌ವರ್ಕ್‌ನಿಂದ ಹಾಡು ತಂದು ನುಡಿಸುವ ಪ್ಲೇಯರ್ ಎಂದಿತು. ಆದರೆ 1970ರ ದಶಕದಲ್ಲಿ ಶುರುಮಾಡಿದ ಎಲ್‌ಪಿ ಟರ್ನ್‌ಟೇಬಲ್ ಮಾತ್ರ ಬಿಡಲಿಲ್ಲ!

ಸಿಡಿಗಿಂತಲೂ ಸೂಕ್ಷ್ಮವಾದ ಹೈ-ರೆಸಲ್ಯೂಷನ್ ದನಿ ಹಾಕಿದರೆ ವ್ಯತ್ಯಾಸ ಕೇಳುತ್ತದೆಯೇ? 2007ರಲ್ಲಿ ಮೇಯರ್ ಮತ್ತು ಮೊರನ್ ಎಂಬಿಬ್ಬರು ಅಮೆರಿಕದಲ್ಲಿ ನಡೆಸಿದ ಪರೀಕ್ಷೆಯ ವಿವರ ಪ್ರಕಟಿಸಿದರು. ಯಾವುದು ಹೈ-ರೆಸಲ್ಯೂಷನ್, ಯಾವುದು ಸಿಡಿ ಗುಣಮಟ್ಟ ಎಂದು ಹೆಸರು ಮುಚ್ಚಿಟ್ಟು ಕೇಳಿಸಿದ್ದರು. 554 ಸಲದಲ್ಲಿ ಸರಿಯುತ್ತರ 276. ನಾಣ್ಯ ಚಿಮ್ಮಿದ್ದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು!

ಎಲ್ಲಕ್ಕಿಂತ ಅಗ್ಗದ ಅಪ್‌ಗ್ರೇಡ್ ಯಾವುದು ಗೊತ್ತೇ? ಕೋಣೆ! 1895ರ ಸುಮಾರಿಗೆ ಹಾರ್ವರ್ಡ್‌ನ ಒಂದು ಉಪನ್ಯಾಸ ಕೊಠಡಿಯಲ್ಲಿ ಆಡಿದ ಮಾತು ಐದು ಸೆಕೆಂಡಿಗೂ ಮೀರಿ ಗುಂಯ್‌ಗುಡುತ್ತಿತ್ತು. ಪ್ರೊಫೆಸರ್ ವಾಲೆಸ್ ಸ್ಯಾಬಿನ್ ನಾಟಕಶಾಲೆಯ ಸೀಟಿನ ದಿಂಬುಗಳನ್ನು ರಾತ್ರಿಹೊತ್ತು ಹೊತ್ತು ತಂದು ಹಾಸಿ, ಗುಂಯ್‌ಗಾಟ ಎಷ್ಟೆಷ್ಟು ತಗ್ಗಿತೆಂದು ಅಳೆದರು. ಸದ್ದು ಹೀರುವ ಶಕ್ತಿಗೆ ಅವರ ಮೊದಲ ಅಳತೆಗೋಲು ಏನು ಗೊತ್ತೇ? ಇಷ್ಟು ಮೀಟರ್ ದಿಂಬು! ಸರ್ವರ್‌ಗೆ ಲಕ್ಷ ಸುರಿಯುವ ಮುನ್ನ ಒಂದು ದಪ್ಪ ಜಮಖಾನ ಹಾಸಿ ನೋಡಿ!