ಎಂಟರಿಂದ ಹದಿನೆಂಟರವರೆಗೆ

ಮಗುವಿಗೆ ಲಸಿಕೆ ಹಾಕಿಸುವುದು, ಶಾಲೆ ಬಿಡಿಸದಿರುವುದು ಮುಂತಾದ ಗೊತ್ತುಪಡಿಸಿದ ಹೊಣೆಗಳನ್ನು ಬಡ ಕುಟುಂಬವೊಂದು ಪೂರೈಸಿದರೆ ಮಾತ್ರ ಸರ್ಕಾರ ಅದಕ್ಕೆ ಹಣ ಕೊಡುವ ಏರ್ಪಾಡಿಗೆ ಷರತ್ತುಬದ್ಧ ನಗದು ವರ್ಗಾವಣೆ ಎನ್ನುತ್ತಾರೆ. ಕರ್ನಾಟಕದಲ್ಲಿ ಅದು 2006–07ರಲ್ಲಿ ಭಾಗ್ಯಲಕ್ಷ್ಮಿ ಯೋಜನೆಯಾಗಿ ಬಂದಿತು; ಜನರ ಬಾಯಲ್ಲಿ ಬರಿಯ ‘ಬಾಂಡ್’. 2006ರ ಮಾರ್ಚ್ 31ರ ನಂತರ ಬಿಪಿಎಲ್ ಕುಟುಂಬದಲ್ಲಿ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳವರೆಗೆ ಅನ್ವಯಿಸುವ ಈ ಯೋಜನೆಯಲ್ಲಿ ಮೊದಲು 10,000 ರೂಪಾಯಿ ಠೇವಣಿ ಇಡಲಾಗುತ್ತಿತ್ತು. 2008ರ ಆಗಸ್ಟ್‌ನಿಂದ ಅದನ್ನು ಮೊದಲ ಮಗುವಿಗೆ 19,300, ಎರಡನೆಯದಕ್ಕೆ 18,350 ರೂಪಾಯಿಗೆ ಏರಿಸಿ, ಹದಿನೆಂಟು ತುಂಬಿದಾಗ ಲಕ್ಷಕ್ಕೆ ತುಸು ಮೇಲ್ಪಟ್ಟ ಮೊತ್ತ ಕೈಸೇರುವಂತೆ ಭಾರತೀಯ ಜೀವ ವಿಮಾ ನಿಗಮದಲ್ಲಿ ತೊಡಗಿಸಲಾಯಿತು. ಜನನ ನೋಂದಣಿ, ಲಸಿಕೆ, ಕನಿಷ್ಠ ಎಂಟನೆಯ ತರಗತಿಯ ಓದು, ಬಾಲಕಾರ್ಮಿಕಳಾಗದಿರುವುದು, ಹದಿನೆಂಟಕ್ಕೆ ಮೊದಲು ಮದುವೆಯಾಗದಿರುವುದು ಇದರ ಮುಖ್ಯ ಷರತ್ತುಗಳು.

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಬದುಕಿಗೆ ಈ ಷರತ್ತುಗಳನ್ನು ಒರೆ ಹಚ್ಚಿದರೆ ಎರಡು ಬಿರುಕುಗಳು ಕಾಣುತ್ತವೆ. ಘಟಪ್ರಭೆಯ ನೀರಿನಲ್ಲಿ ಕಬ್ಬು ಬೆಳೆಯುವ ಈ ಸೀಮೆಯಲ್ಲಿ ತಾಯಿ ಕೂಲಿಗೆ ಹೊರಟರೆ ಒಲೆ, ದನ, ಕಿರಿಯರ ಹೊಣೆ ಹಿರಿಯ ಮಗಳ ಮೇಲೆ ಬೀಳುತ್ತದೆ. ಊರ ಶಾಲೆ ಮುಗಿದು ಪ್ರೌಢಶಾಲೆ ಪಕ್ಕದೂರಿಗೆ ಸರಿಯುವ ಹೊತ್ತೂ ಅದೇ ಆಗಿರುವುದರಿಂದ, ಎಂಟನೆಯ ತರಗತಿಗೆ ನಿಲ್ಲುವ ಓದಿನ ಷರತ್ತು ಎಲ್ಲಿ ಬೇಕಿತ್ತೋ ಅಲ್ಲಿಯೇ ಮುಗಿದುಹೋಗುತ್ತದೆ. ಮಗಳನ್ನು ಓದಿನಲ್ಲಿ ಉಳಿಸಲು ಯೋಜನೆಯ ವಾರ್ಷಿಕ ವಿದ್ಯಾರ್ಥಿವೇತನವೂ ಸಾಲದು; ಅದು ಸಾವಿರ ರೂಪಾಯಿ ದಾಟುತ್ತಿರಲಿಲ್ಲ.

ಎರಡನೆಯ ಬಿರುಕು ಇನ್ನೂ ಆಳವಾದುದು. ಸವದತ್ತಿ ಯಲ್ಲಮ್ಮನ ಹೆಸರಿನಲ್ಲಿ ಹುಡುಗಿಗೆ ಮುತ್ತು ಕಟ್ಟಿ ದೇವದಾಸಿಯಾಗಿ ಬಿಡುವ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿದೆ. ಗೋಕಾಕ ತಾಲ್ಲೂಕಿನ ಘಟಪ್ರಭಾದಲ್ಲಿ ಮಾಜಿ ದೇವದಾಸಿಯರೇ 1997ರಲ್ಲಿ ಕಟ್ಟಿಕೊಂಡ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಅದರ ವಿರುದ್ಧವೇ ದುಡಿದಿದೆ. ಮುತ್ತು ಕಟ್ಟಿಸಿಕೊಂಡವಳಿಗೆ ಗಂಡನಿರುವುದಿಲ್ಲವಾದ್ದರಿಂದ, ಮದುವೆಯನ್ನಷ್ಟೇ ಹೆಸರಿಸುವ ಷರತ್ತು ಕಾಗದದ ಮೇಲೆ ಮುರಿಯುವುದೇ ಇಲ್ಲ. ಬಾಳು ಮಾತ್ರ ಮುರಿದಿರುತ್ತದೆ.

ಹರಿಯಾಣ 1994ರಲ್ಲಿ ಆರಂಭಿಸಿದ ಇಂಥದೇ ‘ಅಪ್ನೀ ಬೇಟಿ ಅಪ್ನಾ ಧನ್’ ಯೋಜನೆಯ ಅನುಭವವೂ ಷರತ್ತುಗಳ ಈ ಮಿತಿಯನ್ನೇ ತೋರಿಸುತ್ತದೆ. ಅದರ ಮೊದಲ ಫಲಾನುಭವಿಗಳಿಗೆ ಹದಿನೆಂಟು ತುಂಬಿದಾಗ ನಡೆದ ಅಧ್ಯಯನದಲ್ಲಿ ಹುಡುಗಿಯರು ಎಂಟನೆಯ ತರಗತಿಯವರೆಗೆ ಶಾಲೆಯಲ್ಲಿ ಉಳಿದದ್ದು ಕಂಡುಬಂದರೂ ಬಾಲ್ಯವಿವಾಹ ತಗ್ಗಿರಲಿಲ್ಲ. ಬಂದ ಹಣವನ್ನು ಹಲವು ಮನೆಗಳು ಮದುವೆಗೇ ವೆಚ್ಚ ಮಾಡಿದ್ದವು. ಹದಿನೆಂಟಕ್ಕೆ ಒಮ್ಮೆಲೇ ಕೈಗೆ ಬರುವ ಹಣ ಮದುವೆಯ ಖರ್ಚಿನಂತೆ ಕಾಣುವುದರಲ್ಲಿ ಬಡವರ ತಪ್ಪೇನಿಲ್ಲ, ಏರ್ಪಾಡೇ ಹಾಗಿದೆ.

2020–21ರಿಂದ ಕರ್ನಾಟಕ ಈ ಯೋಜನೆಯನ್ನು ಅಂಚೆ ಇಲಾಖೆಯ ಸುಕನ್ಯಾ ಸಮೃದ್ಧಿ ಖಾತೆಗೆ ಜೋಡಿಸಿದ್ದು, ವರ್ಷಕ್ಕೆ 3,000 ರೂಪಾಯಿಯಂತೆ ಹದಿನೈದು ವರ್ಷ ತುಂಬುವ ಹಣ ಹುಡುಗಿಗೆ ಇಪ್ಪತ್ತೊಂದಾದಾಗ ಪೂರ್ತಿ ಕೈಗೆ ಬರುತ್ತದೆ. ಆದರೂ ಅದು ಒಮ್ಮೆಲೇ ಬರುವ ಹಣವೇ. ಅದರ ಒಂದು ಪಾಲನ್ನಾದರೂ ಒಂಬತ್ತನೆಯ ತರಗತಿಯಿಂದ ಪಿಯುಸಿವರೆಗೆ, ಹುಡುಗಿ ಶಾಲೆಗೆ ಬಂದ ದಿನಗಳ ಲೆಕ್ಕ ನೋಡಿ, ವರ್ಷವರ್ಷವೂ ಅವಳ ಖಾತೆಗೇ ಹಾಕಬೇಕು.